ಕೆರೆಯ ಹೂಳಿನಲ್ಲಿ ಹಳೇ ಕಾಡ್ಗಿಚ್ಚಿನ ಗುರುತು

ಖಾನಾಪುರ ತಾಲೂಕಿನ ಒಂದು ಊರಕೆರೆಯಲ್ಲಿ ನಾನು ಮೊದಲ ಸಲ ಪೈಪ್ ಇಳಿಸಿದ್ದು ಮೇ ತಿಂಗಳಲ್ಲಿ. ನೀರು ಮೊಣಕಾಲಷ್ಟೇ ಇತ್ತು. ಮೂರು ಇಂಚಿನ ಪಿವಿಸಿ ಪೈಪನ್ನು ಹೂಳಿನೊಳಗೆ ನೆಟ್ಟಗೆ ಒತ್ತಿ, ಮೇಲಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಎಳೆಯಬೇಕು. ಮುಚ್ಚದೆ ಎಳೆದರೆ ಹೂಳು ಜಾರಿಹೋಗುತ್ತದೆ.

ಕಾಡಿಗೆ ಬೆಂಕಿ ಬಿದ್ದಾಗ ಇದ್ದಿಲಿನ ಚೂರುಗಳು ಗಾಳಿ, ಮಳೆನೀರಿನ ಜೊತೆ ಕೆರೆಗೆ ಸೇರುತ್ತವೆ. ಅವು ಸುಲಭಕ್ಕೆ ಕೊಳೆಯುವುದಿಲ್ಲ. ಮುಂದಿನ ವರ್ಷಗಳ ಹೂಳು ಅವುಗಳ ಮೇಲೆ ಕೂರುತ್ತದೆ. ನಾನು ಹೂಳನ್ನು ಒಂದೊಂದು ಸೆಂಟಿಮೀಟರಿನ ಬಿಲ್ಲೆಯಾಗಿ ಕೊಯ್ದು, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿದೆ. ಎಲೆ, ಬೇರಿನ ಚೂರುಗಳ ಬಣ್ಣ ಬಿಡುತ್ತದೆ, ಇದ್ದಿಲು ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. 125 ಮೈಕ್ರಾನ್ ಜರಡಿಯಲ್ಲಿ ಸೋಸಿ, ಮೇಲೆ ಉಳಿದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸಿದೆ. ದೊಡ್ಡ ಚೂರು ಬಹಳ ದೂರ ಹಾರುವುದಿಲ್ಲ, ಅದಕ್ಕೇ ಅದು ಹೆಚ್ಚಾಗಿ ಹತ್ತಿರದ ಬೆಂಕಿಯದು.

ಎರಡು ತಿಂಗಳು ಎಣಿಸಿದರೂ ಮೇಲಿಂದ ಕೆಳಗೆ ಒಂದೇ ಸಮ! ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತು, 1963ರ ಸುಮಾರಿನ ಪದರದಲ್ಲಿ ಜಾಸ್ತಿ ಇರಬೇಕು. ಅದೂ ಎಲ್ಲ ಕಡೆ ಕಲಸಿಹೋಗಿತ್ತು. ಕೆರೆ ಏರಿಯ ಮೇಲೆ ಕೂತಿದ್ದ ಅಜ್ಜ ಕಾರಣ ಹೇಳಿದರು: "ತಮ್ಮಾ, ಈ ಕೆರಿ ಮಣ್ಣ ನಾವು ಚಕ್ಕಡಿ ತುಂಬಿ ಹೊಲಕ್ಕ ಹೊಡದೇವಿ."

ಅಂದಿನಿಂದ ಪೈಪಿಗಿಂತ ಮೊದಲು ಊರ ಹಿರಿಯರನ್ನು ಕೇಳುತ್ತೇನೆ. ಬಯಲಿನ ಕೆರೆಗಳಲ್ಲಿ ಇನ್ನೊಂದು ತೊಡಕಿದೆ, ಕಬ್ಬಿನ ರವದಿ (ಒಣಗಿದ ಎಲೆ) ಸುಟ್ಟ ಕರಿ. ಅದರ ಚೂರು ಹುಲ್ಲಿನ ಇದ್ದಿಲಿನಂತೆ ಉದ್ದುದ್ದ, ಸಣ್ಣಗೆ ಇರುತ್ತದೆ. ಮರದ ಇದ್ದಿಲು ದಪ್ಪಗೆ, ಚೌಕವಾಗಿರುತ್ತದೆ.

ಎರಡನೇ ಕೆರೆಯನ್ನು ಚಕ್ಕಡಿ ಹೋಗದ ಕಾಡೊಳಗೆ ಹುಡುಕಿದೆ. ಅಲ್ಲಿ 1963ರ ಗುರುತು ಸ್ಪಷ್ಟವಾಗಿ ಸಿಕ್ಕಿತು. ಅದಕ್ಕಿಂತ ಕೆಳಗೆ, 41ನೇ ಬಿಲ್ಲೆಯಲ್ಲಿ ಮರದ ಇದ್ದಿಲು ದಟ್ಟವಾಗಿತ್ತು, ಅದರ ಮೇಲೇ ದಪ್ಪ ಮರಳು. ಬೆಂಕಿಗೆ ಬೋಳಾದ ಇಳಿಜಾರನ್ನು ಮಳೆ ಕೊಚ್ಚಿ ತಂದಿರಬೇಕು ಅಲ್ವಾ? ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಆದರೆ ಇದ್ದಿಲು ಜಾಸ್ತಿ ಅಂದ ಮಾತ್ರಕ್ಕೆ ಬರಗಾಲ ಎಂದು ಬರೆಯಲು ನಾನು ಒಪ್ಪುವುದಿಲ್ಲ. ಒಳ್ಳೆ ಮಳೆಯಾದ ವರ್ಷ ಹುಲ್ಲು ಎದೆಮಟ್ಟ ಬೆಳೆದು, ಬೇಸಿಗೆಯಲ್ಲಿ ಅದೇ ಒಣಗಿ ಉರಿಯಬಹುದು. ಘಟ್ಟದ ಕಾಡಿನಲ್ಲಿ ಕುಮರಿ ಬೇಸಾಯಕ್ಕೆಂದು, ಅಂದರೆ ಕಾಡು ಕಡಿದು ಸುಟ್ಟ ಜಾಗದಲ್ಲಿ ಬೆಳೆ ತೆಗೆಯಲು, ಜನರೇ ಬೆಂಕಿ ಹಚ್ಚುತ್ತಿದ್ದರು. ಹಾಗಾಗಿ ಅದೇ ಬಿಲ್ಲೆಗಳಲ್ಲಿ ಹುಲ್ಲು, ಮರಗಳ ಪರಾಗವನ್ನೂ ಈಗ ಎಣಿಸುತ್ತಿದ್ದೇನೆ. ಇವತ್ತು 38ನೇ ಬಿಲ್ಲೆಗೆ ಬಂದಿದ್ದೇನೆ.