ಜೇನು ಕಚ್ಚಿ ಉಸಿರು ಕಟ್ಟಿದರೆ ಮೊದಲು ಏನು ಮಾಡಬೇಕು?

ಕಾಫಿ ತೋಟದಲ್ಲಿ ಕೆಲಸ ಮಾಡುವವರಿಗೆ ಹೆಜ್ಜೇನಿನ ಕಾಟ ಹೊಸದಲ್ಲ. ಒಂದೆರಡು ಮುಳ್ಳು ಚುಚ್ಚಿದರೆ ಹೆಚ್ಚಿನವರಿಗೆ ಉರಿ, ಊತ, ಅಷ್ಟೇ. ಆದರೆ ಜೇನಿನ ವಿಷ ಒಗ್ಗದವರಿಗೆ ಒಂದೇ ಮುಳ್ಳು ಜೀವಕ್ಕೆ ಕುತ್ತು ತರಬಹುದು. ಇದೇ ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ಮೈಯನ್ನು ಆವರಿಸುವ ತೀವ್ರ ಅಲರ್ಜಿ. ಶೇಂಗಾ, ಸಿಗಡಿ, ಪೆನಿಸಿಲಿನ್ ಇಂಜೆಕ್ಷನ್‌ನಿಂದಲೂ ಹೀಗಾಗುತ್ತದೆ.

ಕಚ್ಚಿದ್ದು ಕೈಗೆ, ಊದಿದ್ದು ತುಟಿ. ಹೀಗಾದರೆ ತಡ ಮಾಡಬೇಡಿ. ಮೈತುಂಬಾ ದದ್ದು, ಗಂಟಲು ಬಿಗಿತ, ದನಿ ಒಡೆಯುವುದು, ಉಬ್ಬಸ, ವಾಂತಿ, ತಲೆಸುತ್ತು ಇವೆಲ್ಲ ಲಕ್ಷಣಗಳೇ. ಕೆಲವರಿಗೆ ದದ್ದು ಬರುವುದೇ ಇಲ್ಲ, ನೇರವಾಗಿ ಬಿಪಿ ಇಳಿದು ಕುಸಿಯುತ್ತಾರೆ.

ಮೊದಲು ಗೂಡಿನಿಂದ ದೂರ ಕರೆದೊಯ್ಯಿರಿ. ಮುಳ್ಳನ್ನು ಉಗುರಿನಿಂದಲಾದರೂ ಸರಿ, ಬೇಗ ತೆಗೆಯಿರಿ. 108ಕ್ಕೆ ಫೋನ್ ಮಾಡಿ, ‘ಅಲರ್ಜಿ, ಉಸಿರು ಕಟ್ಟುತ್ತಿದೆ’ ಎಂದು ಸ್ಪಷ್ಟವಾಗಿ ಹೇಳಿ.

ಈಗ ಮುಖ್ಯ ವಿಷಯ. ಇದಕ್ಕೆ ಮೊದಲ ಔಷಧ ಅಡ್ರಿನಲಿನ್ ಒಂದೇ. ಅದನ್ನು ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಚುಚ್ಚುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ, ಮಕ್ಕಳಿಗೆ ತೂಕ ನೋಡಿ. ಕಡಿಮೆಯಾಗದಿದ್ದರೆ 5 ನಿಮಿಷ ಬಿಟ್ಟು ಮತ್ತೊಮ್ಮೆ. ರೋಗಿಯ ಹತ್ತಿರ ಆಟೋ-ಇಂಜೆಕ್ಟರ್ (ಅಡ್ರಿನಲಿನ್ ತುಂಬಿದ, ಪೆನ್ನಿನಂಥ ಸಿದ್ಧ ಇಂಜೆಕ್ಷನ್) ಇದ್ದರೆ ಬಟ್ಟೆಯ ಮೇಲಿಂದಲೇ ಒತ್ತಬಹುದು. ಇಲ್ಲದಿದ್ದರೆ ಅಡ್ರಿನಲಿನ್ ಕೊಡಬಲ್ಲ ಹತ್ತಿರದ ಆಸ್ಪತ್ರೆಗೆ ಹೋಗಿ. ದೂರದ ದೊಡ್ಡ ಆಸ್ಪತ್ರೆಯೇ ಆಗಬೇಕು ಎಂದು ಕಾಯಬೇಡಿ.

ನಮ್ಮಲ್ಲಿ ಜಾಸ್ತಿ ನಡೆಯುವುದು ಬೇರೆಯೇ, ಅಲ್ವಾ? ಸುಣ್ಣ ಹಚ್ಚುತ್ತಾರೆ, ಈರುಳ್ಳಿ ತಿಕ್ಕುತ್ತಾರೆ, ಅಲರ್ಜಿಗೆಂದು ಒಂದು ಅವಿಲ್ ಮಾತ್ರೆ ನುಂಗಿಸಿ ಕಾದು ನೋಡುತ್ತಾರೆ. ಅವಿಲ್, ಸಿಟ್ರಿಜಿನ್ ತುರಿಕೆಗೆ ಸರಿ. ಮುಚ್ಚುತ್ತಿರುವ ಗಂಟಲನ್ನು ಅವು ತೆರೆಯುವುದಿಲ್ಲ, ಇಳಿದ ಬಿಪಿಯನ್ನು ಏರಿಸುವುದಿಲ್ಲ. ಆ ಕಾಯುವಿಕೆಯಲ್ಲೇ ಜೀವ ಹೋಗಿಬಿಡುತ್ತದೆ ಎನ್ನುವುದೇ ಸಂಕಟ.

ಆಂಬುಲೆನ್ಸ್ ಬರುವವರೆಗೆ ನೆಲದ ಮೇಲೆ ಮಲಗಿಸಿ, ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ತಿರುಗಿಸಿ. ‘ಸ್ವಲ್ಪ ನಡೆದಾಡು, ಸರಿಹೋಗುತ್ತೆ’ ಎನ್ನಲೇಬೇಡಿ. ಥಟ್ಟನೆ ಎದ್ದು ನಿಂತರೆ ಬಿಪಿ ಇನ್ನೂ ಕುಸಿದು ಹೃದಯ ನಿಲ್ಲಬಹುದು. ಕುಡಿಯಲು ಏನೂ ಬೇಡ. ಉಸಿರು ನಿಂತರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು) ಶುರು ಮಾಡಿ.

ಚೇತರಿಸಿಕೊಂಡರು ಎಂದು ಕೂಡಲೇ ಮನೆಗೆ ಕರೆತರಬೇಡಿ. ಕೆಲವರಿಗೆ ಕೆಲವು ಗಂಟೆಗಳ ನಂತರ ಮತ್ತೆ ಕೆರಳುತ್ತದೆ. ಡಾಕ್ಟರ್ ಹೇಳಿದಷ್ಟು ಹೊತ್ತು ಅಲ್ಲೇ ಇರಿ. ಯಾವುದರಿಂದ ಅಲರ್ಜಿಯಾಯಿತು ಎಂದು ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.