ವೀಣೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುವವರಿಗೆ

ವೀಣಾವಾದನವನ್ನೇ ಜೀವನವೃತ್ತಿಯಾಗಿ ಮಾಡಿಕೊಳ್ಳಲು ಬಯಸುವವರು ವಾದ್ಯವನ್ನು ಕೊಳ್ಳುವ ಮೊದಲು ಗುರುಗಳನ್ನು ಹುಡುಕಿಕೊಳ್ಳಬೇಕು. ತಂತಿಯನ್ನು ಮೀಟುವ ಬಗೆ, ಎಡಗೈ ಬೆರಳುಗಳನ್ನು ಇರಿಸುವ ಕ್ರಮ, ಕೂರುವ ಭಂಗಿ ಇವೆಲ್ಲವೂ ಗುರುಗಳ ಬಾನಿಯನ್ನು, ಎಂದರೆ ನುಡಿಸುವ ಶೈಲಿಯನ್ನು, ಅವಲಂಬಿಸಿರುತ್ತವೆ. ಮೊದಲ ವರ್ಷ ಕೈಗೆ ಹತ್ತಿದ ರೂಢಿಯನ್ನು ಹತ್ತು ವರ್ಷಗಳ ಬಳಿಕ ತಿದ್ದುವುದು ಬಹಳ ಕಷ್ಟ. ಮೈಸೂರು ಬಾನಿಯಲ್ಲಿ ಮೀಟಿನ ಸ್ಪಷ್ಟತೆಗೂ ತಾನದ (ತಾಳವಿಲ್ಲದೆ, ಆದರೆ ಲಯಬದ್ಧವಾಗಿ ರಾಗವನ್ನು ವಿಸ್ತರಿಸುವ ಭಾಗದ) ಗಾಂಭೀರ್ಯಕ್ಕೂ ವಿಶೇಷ ಸ್ಥಾನವಿದೆ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಹರಿದುಬಂದ ಪರಂಪರೆಯ ಧ್ವನಿಮುದ್ರಣಗಳು ಸಿಕ್ಕಷ್ಟನ್ನೂ ಕೇಳಿರಿ. ಕಲಿಯುವ ಬಾನಿ ಬೇರೆಯದಾದರೂ ಈ ಕೇಳ್ಮೆ ವ್ಯರ್ಥವಾಗುವುದಿಲ್ಲ.

ವಾದ್ಯವನ್ನು ಆರಿಸುವಾಗ ಗುರುಗಳನ್ನು ಜೊತೆಗೆ ಕರೆದೊಯ್ಯಿರಿ. ಕೆತ್ತನೆಯ ಅಂದಕ್ಕಿಂತ ನಾದದ ಉಳಿಕೆ ಮುಖ್ಯ: ಮುಖ್ಯವಾಗಿ ನುಡಿಸುವ ಮೊದಲ ತಂತಿಯಾದ ಸಾರಣಿಯನ್ನು ಒಮ್ಮೆ ಮೀಟಿ, ಧ್ವನಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಮನಿಸಿ, ತಂತಿಯನ್ನು ಒತ್ತಿ ಹಿಡಿಯುವ ಲೋಹದ ಪಟ್ಟಿಗಳಾದ ಇಪ್ಪತ್ತನಾಲ್ಕು ಮೆಟ್ಟಿಲುಗಳಲ್ಲಿಯೂ ಸ್ವರ ಶುದ್ಧವಾಗಿ ನುಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ವೀಣೆಯನ್ನು ಬಿಟ್ಟುಹೋಗುವುದು ಸಲ್ಲದು. ಮೇಣ ಸಡಿಲಗೊಂಡು ಸ್ವರಸ್ಥಾನಗಳು ಕದಲಿದರೆ ನುರಿತವರಿಂದ ಮೇಳವನ್ನು, ಎಂದರೆ ಮೆಟ್ಟಿಲುಗಳ ಜೋಡಣೆಯನ್ನು, ಹೊಸದಾಗಿ ಕಟ್ಟಿಸಬೇಕಾಗುತ್ತದೆ.

ಸಾಧನೆಯ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬಯಸುವುದು ಇದು: ನುಡಿಸುವುದನ್ನು ಮೊದಲು ಹಾಡಿರಿ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಎಂಬ ಆರಂಭದ ಸ್ವರಾಭ್ಯಾಸಗಳನ್ನು ಮೂರು ಕಾಲಗಳಲ್ಲಿಯೂ (ವೇಗಗಳಲ್ಲಿಯೂ) ಬಾಯಲ್ಲಿ ಹೇಳಿ ತಾಳ ಹಾಕಲು ಬಾರದಿದ್ದರೆ ಬೆರಳಿಗೂ ಅವು ಬರುವುದಿಲ್ಲ. ವೀಣೆಯಲ್ಲಿ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದು ಮುಂದಿನ ಸ್ವರಗಳನ್ನು ಹೊರಡಿಸುತ್ತೇವೆ. ಎಷ್ಟು ಎಳೆಯಬೇಕೆಂಬುದಕ್ಕೆ ದಂಡಿಯ (ವೀಣೆಯ ಉದ್ದನೆಯ ಕತ್ತಿನ) ಮೇಲೆ ಯಾವ ಗುರುತೂ ಇಲ್ಲ, ಕಿವಿಯೊಂದೇ ಪ್ರಮಾಣ. ತೋಡಿ ರಾಗದ ಗಾಂಧಾರ ಸ್ವರವನ್ನು ಕಂಠದಲ್ಲಿ ತೂಗಿ ಹಾಡಬಲ್ಲವನ ಎಡಗೈ ಆ ತೂಗನ್ನು ತಾನಾಗಿ ಹುಡುಕಿಕೊಳ್ಳುತ್ತದೆ. ಕೃತಿಯನ್ನು ಕಲಿಯುವಾಗ ಸಾಹಿತ್ಯವನ್ನೂ ಬಾಯಿಪಾಠ ಮಾಡಿರಿ, ಏಕೆಂದರೆ ಪದ ಎಲ್ಲಿ ಒಡೆಯುತ್ತದೆಂದು ತಿಳಿಯದೆ ಎಲ್ಲಿ ಮೀಟಬೇಕು, ಎಲ್ಲಿ ಮೀಟದೆ ಎಳೆಯಬೇಕು ಎಂಬುದು ತಿಳಿಯದು. ಆರಂಭದಲ್ಲಿ ಬೆರಳ ತುದಿ ನೋಯುವುದು ಸಹಜ. ಆದರೆ ಮಣಿಕಟ್ಟು ಅಥವಾ ಭುಜ ನೋಯುತ್ತಿದ್ದರೆ ಭಂಗಿಯಲ್ಲಿ ದೋಷವಿರಬಹುದು. ಸಾಧನೆಯನ್ನು ನಿಲ್ಲಿಸಿ ಗುರುಗಳಿಗೆ ತೋರಿಸಬೇಕು.

ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬೋಧನೆಯ ಅವಕಾಶಗಳಿಗೆ ನೆರವಾಗುತ್ತವೆ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿದ್ದು, ಸಭೆಗಳ ಸಂಘಟಕರು ಈ ಶ್ರೇಣಿಯನ್ನು ಇಂದಿಗೂ ಗಮನಿಸುತ್ತಾರೆ. 1984ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪುರಸ್ಕಾರಕ್ಕೆ ಪಾತ್ರರಾದ ದೊರೆಸ್ವಾಮಿ ಅಯ್ಯಂಗಾರರೂ ಬೆಂಗಳೂರು ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದವರೇ. ಕಛೇರಿಗಳ ಸಂಭಾವನೆಯೊಂದನ್ನೇ ನಂಬಿ ಸಂಸಾರ ನಡೆಸುವುದು ಹೆಚ್ಚಿನವರಿಗೆ ಸಾಧ್ಯವಾಗದ ಕಾರಣ ಪಾಠ ಹೇಳುವುದನ್ನು ಮೊದಲಿನಿಂದಲೇ ವೃತ್ತಿಯ ಭಾಗವೆಂದು ಎಣಿಸಿರಿ. ಶಿಷ್ಯರ ತಪ್ಪನ್ನು ತಿದ್ದುವಾಗ ನಮ್ಮದೇ ಕೈಯ ಅಸ್ಪಷ್ಟತೆಗಳು ಕಣ್ಣಿಗೆ ಬೀಳುತ್ತವೆ.

ಕಛೇರಿಯ ದಿನ ಒಂದು ಗಂಟೆ ಮುಂಚಿತವಾಗಿ ತಲುಪಿ, ವೇದಿಕೆಯ ಹವೆಗೆ ವಾದ್ಯ ಹೊಂದಿಕೊಂಡ ಬಳಿಕವೇ ಶ್ರುತಿ ಮಾಡಿರಿ. ಧ್ವನಿವರ್ಧಕವನ್ನು ಹೊಂದಿಸುವವರಿಗೆ ಪಕ್ಕದಲ್ಲಿ ತಾಳಕ್ಕಾಗಿ ಮೀಟುವ ಮೂರು ತಂತಿಗಳನ್ನೂ ನುಡಿಸಿ ತೋರಿಸಿರಿ, ಏಕೆಂದರೆ ಸಾರಣಿಗೆ ಮಾತ್ರ ಸರಿಹೊಂದಿಸಿದ ಧ್ವನಿಯಲ್ಲಿ ಅವು ಕರ್ಕಶವಾಗಿ ಕೇಳುತ್ತವೆ. ಮೃದಂಗ ವಿದ್ವಾಂಸರೊಡನೆ ಅಂದಿನ ಕೃತಿಗಳ ಎಡುಪನ್ನು (ತಾಳದಲ್ಲಿ ಕೃತಿ ಆರಂಭವಾಗುವ ಸ್ಥಾನವನ್ನು) ಮೊದಲೇ ಮಾತನಾಡಿಕೊಂಡು, ಅವರು ಒಂಟಿಯಾಗಿ ನುಡಿಸುವ ತನಿ ಆವರ್ತನಕ್ಕೆ ಸಾಕಷ್ಟು ಸಮಯವನ್ನು ಉಳಿಸಿಡಿರಿ.