ಪ್ರಿಯಾನಿಕ್ ಮಾಡುವ ಬಗೆ: ಹಿಟ್ಟಿಗೆ ಬಿಸಿ, ಸೋಡಾಕ್ಕೆ ತಂಪು

ರಷ್ಯಾದ ತೂಲಾ ಊರಿನ ಹೆಸರು ಚಹಾಕ್ಕೆ ನೀರು ಕಾಯಿಸುವ ಪಾತ್ರೆಯಾದ ಸಮೋವಾರ್‌ನ ಜತೆಗೆ ಪ್ರಿಯಾನಿಕ್‌ಗೂ ಅಂಟಿಕೊಂಡಿದೆ. ಜೇನು, ಮಸಾಲೆ ಬೆರೆಸಿ ಬೇಯಿಸುವ ಈ ಬಿಸ್ಕತ್ತಿನ ಉಲ್ಲೇಖ ಅಲ್ಲಿನ 1685ರ ದಾಖಲೆಯಲ್ಲೇ ಸಿಗುತ್ತದೆ. ತೂಲಾದ್ದು ಒಳಗೆ ಜಾಮ್ ತುಂಬಿ, ಕೆತ್ತಿದ ಮರದ ಹಲಗೆಯಲ್ಲಿ ಅಚ್ಚೊತ್ತಿದ್ದು. ಉತ್ತರ ರಷ್ಯಾದ ಅರ್ಖಾಂಗೆಲ್ಸ್ಕ್‌ನ ಕೊಜೂಲಿ ಎಂಬ ಪ್ರಿಯಾನಿಕ್ ಕಡು ಕಂದು ಬಣ್ಣದ್ದು, ಪ್ರಾಣಿಗಳ ಆಕಾರದ್ದು, ಮೇಲೆ ಸಕ್ಕರೆಯ ಚಿತ್ತಾರ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಇವೆರಡಕ್ಕಿಂತ ಸುಲಭವಾದದ್ದು ಸಕ್ಕರೆ ಪಾಕ ಹಚ್ಚಿದ ಸಾದಾ ದುಂಡನೆಯ ಪ್ರಿಯಾನಿಕ್.

ಹಿಟ್ಟನ್ನು ಹಸಿಯಾಗಿಯೂ ಕಲಸಬಹುದು, ಬಿಸಿ ಜೇನುಪಾಕದಲ್ಲಿ ಅರೆಬೇಯಿಸಿಯೂ ಕಲಸಬಹುದು. ಎರಡನೆಯದನ್ನೇ ಆರಿಸಿಕೊಳ್ಳಿ. ಬಿಸಿ ತಾಗಿದ ಹಿಟ್ಟಿನ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬಿಸ್ಕತ್ತು ವಾರಗಟ್ಟಲೆ ಮೆತ್ತಗಿರುತ್ತದೆ. ಹಸಿ ಹಿಟ್ಟಿನದ್ದು ಬೇಗ ಗಟ್ಟಿಯಾಗುತ್ತದೆ.

ಸುಮಾರು 25 ಬಿಸ್ಕತ್ತಿಗೆ ಬೇಕಾದದ್ದು: ಮೈದಾ 300 ಗ್ರಾಂ, ರೈ (ಗೋಧಿಯಂಥ ಒಂದು ಧಾನ್ಯ) ಹಿಟ್ಟು 100 ಗ್ರಾಂ, ಜೇನು 180 ಗ್ರಾಂ, ಸಕ್ಕರೆ 80 ಗ್ರಾಂ, ನೀರು 50 ಮಿ.ಲೀ., ಬೆಣ್ಣೆ 60 ಗ್ರಾಂ, ಮೊಟ್ಟೆ 1, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಚಿಟಿಕೆ ಉಪ್ಪು. ಮಸಾಲೆಗೆ ದಾಲ್ಚಿನ್ನಿ ಪುಡಿ ಒಂದೂವರೆ ಟೀ ಚಮಚ, ಒಣಶುಂಠಿ ಪುಡಿ ಒಂದು ಚಮಚ, ಏಲಕ್ಕಿ ಮತ್ತು ಕೊತ್ತಂಬರಿ ಬೀಜದ ಪುಡಿ ತಲಾ ಅರ್ಧ, ಲವಂಗ ಮತ್ತು ಜಾಯಿಕಾಯಿ ತಲಾ ಕಾಲು ಚಮಚ. ಲವಂಗ ಇದಕ್ಕಿಂತ ಹೆಚ್ಚಾದರೆ ಬೇರೆಲ್ಲ ಪರಿಮಳವನ್ನೂ ನುಂಗಿಬಿಡುತ್ತದೆ. ರೈ ಸಿಗದಿದ್ದರೆ ನುಣ್ಣಗೆ ಜರಡಿ ಹಿಡಿದ ಗೋಧಿ ಹಿಟ್ಟು ಸಾಕು. ಮಲೆನಾಡಿನ ತುಡುವೆ ಜೇನು ತೆಳ್ಳಗಿರುವುದರಿಂದ ಅದನ್ನು ಬಳಸುವಾಗ ನೀರನ್ನು 30 ಮಿ.ಲೀ.ಗೆ ಇಳಿಸಿ.

ದಪ್ಪ ತಳದ ಪಾತ್ರೆಯಲ್ಲಿ ಜೇನು, ಸಕ್ಕರೆ, ನೀರು, ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಕರಗಿಸಿ. ಕುದಿಯಲು ಬಿಡಬೇಡಿ, ಕುದಿದರೆ ಜೇನಿನ ಪರಿಮಳ ಹಾರಿಹೋಗುತ್ತದೆ. ಒಲೆಯಿಂದ ಇಳಿಸಿ, ಪಾಕ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗ ಮಸಾಲೆಯನ್ನೂ ರೈ ಹಿಟ್ಟು ಮತ್ತು 100 ಗ್ರಾಂ ಮೈದಾವನ್ನೂ ಒಟ್ಟಿಗೆ ಸುರಿದು, ಗಂಟಾಗದಂತೆ ಬಿರುಸಾಗಿ ತಿರುವಿ. ಪಾಕ 65ಕ್ಕಿಂತ ಕೆಳಗಿಳಿದಿದ್ದರೆ ಪಿಷ್ಟ ಸರಿಯಾಗಿ ಬೇಯದು, ಇಡೀ ಶ್ರಮ ವ್ಯರ್ಥ. ಮುಚ್ಚಿ ರಾತ್ರಿಯಿಡೀ ತಣಿಯಲು ಬಿಡಿ.

ಹೆಚ್ಚಿನವರು ಎಡವುವುದು ಈ ಕಾಯುವಿಕೆಯಲ್ಲೇ. ಮಿಶ್ರಣ ಬೆಚ್ಚಗಿರುವಾಗಲೇ ಸೋಡಾ ಹಾಕಿದರೆ ಜೇನಿನ ಹುಳಿಯ ಜತೆ ಸೇರಿ ಅನಿಲವೆಲ್ಲ ಪಾತ್ರೆಯಲ್ಲೇ ಹೊರಟುಹೋಗುತ್ತದೆ, ಒಲೆಯಲ್ಲಿ ಉಬ್ಬಲು ಏನೂ ಉಳಿಯುವುದಿಲ್ಲ. ಮೊಟ್ಟೆಯೂ ಬಿಸಿಗೆ ಒಡೆದು ಗಂಟಾಗುತ್ತದೆ. ಮರುದಿನ, ಪಾತ್ರೆಯ ತಳ ಮುಟ್ಟಿದರೂ ತಣ್ಣಗಿರುವಾಗ, ಮೊಟ್ಟೆ ಬೆರೆಸಿ. ಉಳಿದ 200 ಗ್ರಾಂ ಮೈದಾಕ್ಕೆ ಸೋಡಾ, ಉಪ್ಪು ಸೇರಿಸಿ ಜರಡಿ ಹಿಡಿದು ಕಲಸಿ. ಹಿಟ್ಟು ಕೈಗೆ ಅಂಟುತ್ತದೆ, ಅಂಟಬೇಕು. ಅಂಟು ಹೋಗಲೆಂದು ಇನ್ನಷ್ಟು ಮೈದಾ ಸುರಿದರೆ ಬಿಸ್ಕತ್ತು ಕಲ್ಲಾಗುತ್ತದೆ. ಕೈಗೆ ಎಣ್ಣೆ ಸವರಿಕೊಳ್ಳಿ, ಅಥವಾ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

8ರಿಂದ 10 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಯಿಂದ ಕತ್ತರಿಸಿ, ನಡುವೆ ಎರಡು ಬೆರಳು ಜಾಗ ಬಿಟ್ಟು ಜೋಡಿಸಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 190 ಡಿಗ್ರಿಗೆ 10ರಿಂದ 12 ನಿಮಿಷ. ಬೆರಳಲ್ಲಿ ಒತ್ತಿದರೆ ತುಸು ಕುಗ್ಗಿ ಮೇಲೇಳುವಾಗಲೇ ಹೊರತೆಗೆಯಿರಿ. ಗಟ್ಟಿಯಾಗುವವರೆಗೆ ಕಾದರೆ ಒಣಗಿಹೋಗಿರುತ್ತದೆ. ಜೇನಿನಿಂದಾಗಿ ತಳ ಬೇಗ ಕಪ್ಪಾಗುತ್ತದೆ. ಸಣ್ಣ ಓವನ್ ಆದರೆ ಬಿಸ್ಕತ್ತಿನ ತಟ್ಟೆಯ ಅಡಿಗೆ ಇನ್ನೊಂದು ಖಾಲಿ ತಟ್ಟೆ ಇಡುವುದು ಒಳ್ಳೆಯದು.

ಮೇಲಿನ ಬಿಳಿ ಸಕ್ಕರೆ ಪದರಕ್ಕೆ ಹೋಳಿಗೆ, ಲಾಡು ಮಾಡುವ ಕೈಗೆ ಹೊಸದಾಗಿ ಕಲಿಯುವುದೇನೂ ಇಲ್ಲ. 200 ಗ್ರಾಂ ಸಕ್ಕರೆ, 80 ಮಿ.ಲೀ. ನೀರು ಕುದಿಸಿ ಒಂದೆಳೆ ಪಾಕ ಬರಿಸಿ. ಉಷ್ಣಮಾಪಕದಲ್ಲಿ ಅದು 110 ಡಿಗ್ರಿ. 80ಕ್ಕೆ ಇಳಿದಾಗ ಅಗಲ ಪಾತ್ರೆಯಲ್ಲಿ ಬಿಸ್ಕತ್ತುಗಳ ಮೇಲೆ ಸುರಿದು ಕೈಯಾಡಿಸಿ. ಉಜ್ಜಿದಷ್ಟೂ ಸಕ್ಕರೆ ಹರಳುಗಟ್ಟಿ ಬೆಳ್ಳಗಾಗುತ್ತದೆ. ಪಾಕ ತೆಳುವಾದರೆ ಒಣಗದೆ ಅಂಟುತ್ತದೆ, ಎಳೆ ಮೀರಿದರೆ ಗಂಟುಗಂಟಾಗಿ ಉದುರುತ್ತದೆ. ಜಾಲರಿಯ ಮೇಲೆ ಹರಡಿ, 50 ಡಿಗ್ರಿಯ ಓವನ್‌ನಲ್ಲಿ ಬಾಗಿಲು ತುಸು ತೆರೆದು ಹತ್ತು ನಿಮಿಷ ಒಣಗಿಸಿ.

ತೂಲಾ ಬಗೆಯದ್ದು ಬೇಕಿದ್ದರೆ ಅದೇ ಹಿಟ್ಟನ್ನು 5 ಮಿ.ಮೀ.ಗೆ ಲಟ್ಟಿಸಿ, ಎರಡು ಪದರದ ನಡುವೆ ಸೇಬಿನ ಜಾಮ್ ಇಟ್ಟು ಅಂಚಿಗೆ ಮೊಟ್ಟೆಯ ಬಿಳಿ ಸವರಿ ಒತ್ತಿ. 180 ಡಿಗ್ರಿಗೆ 18ರಿಂದ 20 ನಿಮಿಷ. ಜಾಮ್ ನೀರಾಗಿದ್ದರೆ ಅಂಚು ಒಡೆದು ಹೊರಬರುತ್ತದೆ, ಮೊದಲೇ ಬಾಣಲೆಯಲ್ಲಿ ಬತ್ತಿಸಿ ಆರಿಸಿ.

ಬೇಯಿಸಿದ ದಿನವೇ ತಿಂದು ತೀರ್ಮಾನಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಅಂಚು ಮೆದುವಾಗಿ ಮಸಾಲೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಗಟ್ಟಿಯಾಗಿದೆ ಎನಿಸಿದರೆ ಡಬ್ಬಿಯೊಳಗೆ ಸೇಬಿನ ಒಂದು ಹೋಳು ಇಟ್ಟು ಮರುದಿನ ತೆಗೆದುಬಿಡಿ. ಮಳೆಗಾಲದಲ್ಲಿ ಸಕ್ಕರೆ ಪದರ ತೇವ ಹೀರಿ ಜಿಗುಟಾಗುವುದರಿಂದ, ಆ ತಿಂಗಳುಗಳಲ್ಲಿ ಪಾಕವಿಲ್ಲದೆ ಸಾದಾ ಮಾಡಿ ಡಬ್ಬಿ ತುಂಬಿಸುವುದೇ ಮೇಲು.